ಮುಳ್ಳಿಗೂ ಕಮಾನಿಗೂ ನಂಟು

ಕೇಳುಗರಿಗೆ ನಮಸ್ಕಾರ.

ರೆಕಾರ್ಡಿನ ಮೇಲೆ ಗೀರು ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬಹುದು. ಹಾಡಿನ ನಡುವೆ ಟಕ್ ಅನ್ನುತ್ತದೆ. ತುಸು ಹೊತ್ತಿಗೆ ಮತ್ತೆ ಟಕ್. ಎಲ್ಪಿ ರೆಕಾರ್ಡು ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಆ ಟಕ್ ಕೂಡ ಅಷ್ಟಕ್ಕೊಮ್ಮೆ ತಪ್ಪದೆ ಬರುತ್ತದೆ. ಹಾಡಿಗೆಂದು ಕೂತವರಿಗೆ ಅದು ಕಿರಿಕಿರಿ. ಆದರೆ ಪಕ್ಕದಲ್ಲಿ ಡಬಲ್ ಬೇಸ್ ಅನ್ನುವ ಆಳದ ಸ್ವರದ ದೊಡ್ಡ ತಂತಿವಾದ್ಯ ಹಿಡಿದು ನಿಂತವರಿಗೆ? ಅವರಿಗೆ ಅದೊಂದು ತಾಳ!

ಇವತ್ತು ನಾನು ಹೇಳಹೊರಟಿರುವುದು ಈ ಬಗೆಯ ಸಂಗೀತದ ಬಗ್ಗೆ. ಒಬ್ಬರು ಬೇಸ್, ಇನ್ನೊಬ್ಬರು ಕ್ಲಾರಿನೆಟ್, ಮತ್ತೊಬ್ಬರ ಮುಂದೆ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್. ಮುಂದೆ ಸ್ವರಲಿಪಿ ಇಲ್ಲ, ಮೊದಲೇ ಮಾತಾಡಿಕೊಂಡ ರಾಗವೂ ಇಲ್ಲ. ಕೇಳುತ್ತಾ ಕೇಳುತ್ತಾ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು.

ಮೊದಮೊದಲು ನನಗಿದು ಬರೀ ಗದ್ದಲ ಅನ್ನಿಸಿತ್ತು. ಕಿವಿ ತೆರೆದದ್ದು ಒಂದು ಸಣ್ಣ ಸಂಗತಿಯಿಂದ. ಬೇಸಿನ ಕಮಾನಿಗೆ ರಾಳ ಸವರುತ್ತಾರಲ್ವಾ? ಕಮಾನಿನ ಕೂದಲು ತಂತಿಯನ್ನು ಹಿಡಿಯುತ್ತದೆ, ಎಳೆಯುತ್ತದೆ, ತಂತಿ ಜಾರಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹತ್ತಾರು, ನೂರಾರು ಸಲ ಹೀಗಾದಾಗ ನಮಗೆ ಸ್ವರ ಕೇಳುತ್ತದೆ. ಕಮಾನನ್ನು ಇನ್ನೂ ಒತ್ತಿದರೆ ಸ್ವರ ಒಡೆದು ಗರ್ ಅನ್ನುತ್ತದೆ. ಟರ್ನ್‌ಟೇಬಲಿನ ಮುಳ್ಳು ರೆಕಾರ್ಡಿನ ಗೆರೆಯಲ್ಲಿ ಮಾಡುವುದೂ ಉಜ್ಜುವ ಕೆಲಸವನ್ನೇ. ಹಾಗಾಗಿ ಬೇಸಿನ ಒಡೆದ ಸ್ವರವೂ ಧೂಳು ತುಂಬಿದ ರೆಕಾರ್ಡಿನ ಚರಚರವೂ ಸೇರಿದಾಗ ಯಾವುದು ಯಾರದು ಅಂತ ಗೊತ್ತೇ ಆಗುವುದಿಲ್ಲ. ಈ ಸಂಗೀತದಲ್ಲಿ ನನಗೆ ತುಂಬಾ ಇಷ್ಟವಾಗುವ ಗಳಿಗೆ ಅದು.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1939ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಗೀತ ರಚನೆಕಾರ ಜಾನ್ ಕೇಜ್ ಎರಡು ಟರ್ನ್‌ಟೇಬಲುಗಳನ್ನು ಪಿಯಾನೊ, ಸಿಂಬಲ್ ಜೊತೆ ಕೂರಿಸಿದರು. ಆ ರೆಕಾರ್ಡುಗಳಲ್ಲಿ ಹಾಡಿರಲಿಲ್ಲ, ಉಪಕರಣಗಳ ಪರೀಕ್ಷೆಗೆಂದು ಮಾಡಿದ ಸ್ವರಗಳಿದ್ದವು. ವೇಗ ಬದಲಿಸಿದರೆ ಸ್ವರ ಜಾರುತ್ತಿತ್ತು. ಅದು ಬರೆದಿಟ್ಟ ಕೃತಿ, ನಿಜ. ಆದರೆ ಟರ್ನ್‌ಟೇಬಲ್ ಅಲ್ಲಿ ವಾದ್ಯವೇ ಆಗಿತ್ತು. 1948ರಲ್ಲಿ ಪ್ಯಾರಿಸ್‌ನಲ್ಲಿ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಪಿಯೆರ್ ಶೆಫರ್ ರೈಲಿನ ಸದ್ದು ಹಿಡಿದು, ಮುಳ್ಳು ಒಂದೇ ಗೆರೆಯಲ್ಲಿ ಸುತ್ತುವ ರೆಕಾರ್ಡುಗಳನ್ನು ಕೊರೆದು, ಅವುಗಳಿಂದ ಸಂಗೀತ ಕಟ್ಟಿದರು. ಅದು ಮೊದಲು ಜನರ ಕಿವಿಗೆ ಬಿದ್ದದ್ದು ರೇಡಿಯೊದಲ್ಲೇ. ಇಲ್ಲಿ ಕೂತು ಈ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ.

1985ರಲ್ಲಿ ರೆಕಾರ್ಡುಗಳನ್ನೇ ವಾದ್ಯ ಮಾಡಿಕೊಂಡ ಕಲಾವಿದ ಕ್ರಿಶ್ಚಿಯನ್ ಮಾರ್ಕ್ಲೇ ಒಂದು ರೆಕಾರ್ಡನ್ನು ಬೇಕೆಂದೇ ಕವರ್ ಇಲ್ಲದೆ ಮಾರಾಟಕ್ಕಿಟ್ಟರು. ಧೂಳು ಕೂರಲಿ, ಗೀರು ಬೀಳಲಿ ಅಂತ. ದಿನ ಕಳೆದಂತೆ ಒಬ್ಬರ ಮನೆಯ ಪ್ರತಿಯಂತೆ ಇನ್ನೊಬ್ಬರದು ಇರುವುದಿಲ್ಲ. ಜಪಾನಿನ ಒಟೊಮೊ ಯೊಶಿಹಿದೆ, ಕೆನಡಾದ ಮಾಂಟ್ರಿಯಲ್‌ನ ಮಾರ್ಟಿನ್ ಟೆಟ್ರೊ ಇನ್ನೂ ಮುಂದೆ ಹೋದರು. ರೆಕಾರ್ಡನ್ನೇ ಪಕ್ಕಕ್ಕಿಟ್ಟು, ಟರ್ನ್‌ಟೇಬಲಿನ ಸದ್ದನ್ನೇ ನುಡಿಸಿದರು.

ಇಲ್ಲೊಂದು ಕಷ್ಟವಿದೆ. ಮುಳ್ಳಿನಿಂದ ಬರುವುದು ವೋಲ್ಟಿನ ಸಾವಿರದ ಕೆಲವೇ ಪಾಲು. ಅದನ್ನು ಆಂಪ್ಲಿಫೈಯರ್ ಎಷ್ಟೋ ಪಟ್ಟು ಹಿಗ್ಗಿಸುತ್ತದೆ. ಬೆರಳು ಸುಮ್ನೆ ತಾಗಿದರೂ ಸ್ಪೀಕರಿನಲ್ಲಿ ಗುಡುಗು. ಕ್ಲಾರಿನೆಟ್ ನುಡಿಸುವವರಿಗೆ ಇರುವುದು ಅವರ ಉಸಿರು ಮಾತ್ರ. ಟರ್ನ್‌ಟೇಬಲಿನವರು ಗುಂಡಿ ಜಾಸ್ತಿ ತಿರುಗಿಸಿದರೆ ಆ ಉಸಿರು ಮುಳುಗಿಹೋಗುತ್ತದೆ. ಹಾಗೆ ಮುಳುಗಿಸಿದ ಕಛೇರಿಗಳನ್ನೂ ಕೇಳಿದ್ದೇನೆ, ಬೇಸರವಾಗಿದೆ. ಬಲ್ಲವರು ಸದ್ದು ತಗ್ಗಿಸುತ್ತಾರೆ. ಕೊಳವೆಯೊಳಗೆ ಗಾಳಿ ಸುಯ್ಯೆನ್ನುವುದೂ ಗೆರೆಯ ಮೇಲೆ ಮುಳ್ಳು ಸರಿಯುವುದೂ ಒಂದೇ ಮಟ್ಟದಲ್ಲಿ ಕೇಳುವ ಹಾಗೆ.

ಇಂಥ ಕಛೇರಿ ಮುಗಿಯುವುದು ಹೇಗೆ ಅಂತ ಯಾರೂ ಮೊದಲೇ ಹೇಳಿಕೊಂಡಿರುವುದಿಲ್ಲ. ಮುಳ್ಳನ್ನು ಎತ್ತದೆಯೇ ಒಬ್ಬರು ಮೋಟಾರು ಆರಿಸುತ್ತಾರೆ. ತಟ್ಟೆ ನಿಧಾನವಾಗುತ್ತದೆ, ಸದ್ದು ಕೆಳಕ್ಕೆ ಕುಸಿಯುತ್ತಾ ಹೋಗುತ್ತದೆ. ಬೇಸಿನವರು ಅದೇ ಇಳಿಜಾರಿನಲ್ಲಿ ತಂತಿಯ ಮೇಲೆ ಬೆರಳು ಜಾರಿಸುತ್ತಾರೆ. ತಟ್ಟೆ ನಿಂತಿತು. ಕಮಾನು ಮೇಲೆದ್ದಿತು. ದಪ್ಪ ತಂತಿ ಮಾತ್ರ ಇನ್ನೂ ಅದುರುತ್ತಿದೆ.

ನಮಸ್ಕಾರ.