ಒಂದು ಕೊಡ ನೀರಿನ ಹಿಂದೆ ಮುಂದೆ

ಮುಂಬಯಿ ಮತ್ತು ಸುತ್ತಲಿನ ಊರುಗಳ ಕನ್ನಡ ಕೇಳುಗರೆಲ್ಲರಿಗೂ ನಮಸ್ಕಾರ.

ಜನಬಾಹುಳ್ಯದ ನಮ್ಮಂಥ ದೇಶ ಎದುರಿಸುತ್ತಿರುವ ಸಾಮಾಜಿಕ ಮತ್ತು ಪರಿಸರದ ಸಮಸ್ಯೆಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಕಡಲಿನಷ್ಟು ದೊಡ್ಡ ವಿಷಯ ಇದು. ಎಲ್ಲವನ್ನೂ ಹೇಳಹೊರಟರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಈ ಊರಿನ ಒಂದು ಕೊಡ ನೀರನ್ನು ಮಾತ್ರ ಮುಂದಿಟ್ಟುಕೊಂಡು, ಅದು ಎಲ್ಲಿಂದ ಬಂತು, ಯಾರ ಮನೆಗೆ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಯಿತು ಎಂಬುದನ್ನಷ್ಟೇ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನೀರಿನ ಮಾತು ಬಂದಾಗಲೆಲ್ಲ ಲೋಕಲ್ ಗಾಡಿಯಲ್ಲಿ, ಕಟ್ಟಡದ ಸೊಸೈಟಿ ಸಭೆಯಲ್ಲಿ, ನಮ್ಮ ಸಂಘಗಳ ಅಂಗಳದಲ್ಲಿ ನಾನು ಕೇಳುವ ಮಾತು ಒಂದೇ: "ಏನು ಮಾಡುವುದು, ಜನ ಹೆಚ್ಚಾಗಿಬಿಟ್ಟರು." ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. 2011ರ ಜನಗಣತಿಯಲ್ಲಿ 121 ಕೋಟಿಯಿದ್ದ ನಾವು, ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ 142 ಕೋಟಿಯನ್ನು ದಾಟಿ ಚೀನಾವನ್ನು ಹಿಂದೆ ಹಾಕಿದೆವು. ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು ಹದಿನೆಂಟು ಮಂದಿ ಭಾರತದಲ್ಲಿದ್ದಾರೆ. ಜಗತ್ತಿನ ಸಿಹಿನೀರಿನಲ್ಲಿ ನಮ್ಮ ಪಾಲಿಗಿರುವುದು ನೂರರಲ್ಲಿ ಸುಮಾರು ನಾಲ್ಕು ಭಾಗ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ತಿಳಿಸಿದೆ. ದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 1.7 ಮಾತ್ರ. ಮುಂದಿನ ತಲೆಮಾರು ಈಗಿನಷ್ಟೇ ಇರಬೇಕಾದರೂ ಬೇಕಾಗುವ 2.1ಕ್ಕಿಂತ ಇದು ಕಡಿಮೆ. ತಾಯಂದಿರು ತಮ್ಮ ಪಾಲಿನದನ್ನು ಮಾಡಿ ಮುಗಿಸಿದ್ದಾರೆ. ನಲ್ಲಿಯ ಮುಂದಿನ ಸಾಲು ಮಾತ್ರ ಕರಗಿಲ್ಲ. ಹಾಗಿದ್ದರೆ ಕಾರಣವನ್ನು ಬೇರೆಡೆಯೂ ಹುಡುಕಬೇಕಲ್ಲವೇ?

ಮುಂಬಯಿಗೆ ನೀರು ಕೊಡುವುದು ಏಳು ಜಲಾಶಯಗಳು. ತುಳಸಿ ಮತ್ತು ವಿಹಾರ ನಗರದ ಒಳಗೇ ಇವೆ; ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮಧ್ಯ ವೈತರಣಾ, ಮೇಲಣ ವೈತರಣಾ ದೂರದ ಠಾಣೆ, ಪಾಲ್ಘರ್, ನಾಸಿಕ ಜಿಲ್ಲೆಗಳ ಬೆಟ್ಟಸಾಲಿನಲ್ಲಿವೆ. ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಹರಿದು, ಭಾಂಡೂಪ್ ಮತ್ತು ಪಾಂಜರಾಪುರದ ಶುದ್ಧೀಕರಣ ಕೇಂದ್ರಗಳನ್ನು ದಾಟಿ, ದಿನವೊಂದಕ್ಕೆ ಸುಮಾರು 390 ಕೋಟಿ ಲೀಟರ್ ನೀರು ಈ ನಗರಕ್ಕೆ ಬರುತ್ತದೆ. 2011ರಲ್ಲಿ ಬೃಹನ್ಮುಂಬಯಿಯ ಜನಸಂಖ್ಯೆ 1.24 ಕೋಟಿಯಿತ್ತು. ಇಂದು ಒಂದೂವರೆ ಕೋಟಿಯೆಂದು ಹಿಡಿದು ಭಾಗಿಸಿದರೂ ತಲೆಗೆ 260 ಲೀಟರ್ ಬರುತ್ತದೆ. ದೊಡ್ಡ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಸಾಕೆಂಬುದು ಸರಕಾರವೇ ಒಪ್ಪಿರುವ ಅಳತೆ. ಕಾರ್ಖಾನೆ, ಹೋಟೆಲು, ಆಸ್ಪತ್ರೆಗಳ ಪಾಲನ್ನು ಇದರಲ್ಲಿ ಕಳೆಯಬೇಕು, ನಿಜ. ಸೋರಿಕೆ ಮತ್ತು ಲೆಕ್ಕಕ್ಕೆ ಸಿಗದ ಬಳಕೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ನೀರು ಹೋಗಿಬಿಡುತ್ತದೆ ಎಂಬುದನ್ನೂ ಮರೆಯಬಾರದು. ಇಷ್ಟಾದರೂ ಎಲ್ಲರಿಗೂ ಸಾಲುವಷ್ಟು ನೀರು ನಗರದ ಬಾಗಿಲಿಗೆ ಬಂದಿರುತ್ತದೆ. ಬಾಗಿಲಿನಿಂದ ಒಳಗೆ ಅದು ನಡೆಯುವ ದಾರಿ ಮಾತ್ರ ಎಲ್ಲರ ಮನೆಗೂ ಒಂದೇ ಅಲ್ಲ. ಕಟ್ಟಡಗಳಲ್ಲಿ ಇರುವವರಿಗೆ ನೂರಮೂವತ್ತೈದು ಲೀಟರ್, ಅದಕ್ಕೂ ಹೆಚ್ಚು. ಝೋಪಡಪಟ್ಟಿಯವರಿಗೆ, ಅಂದರೆ ಕೊಳೆಗೇರಿಯವರಿಗೆ, 45 ಲೀಟರ್ ಎಂಬ ಲೆಕ್ಕ ಬಹುಕಾಲದಿಂದ ನಡೆದುಬಂದಿದೆ.

45 ಲೀಟರ್ ಎಂದರೆ ಮೂರು ಕೊಡ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ, ಶೌಚಕ್ಕೆ ಎಲ್ಲಕ್ಕೂ ಮೂರೇ ಕೊಡ.

ಈ ಲೆಕ್ಕ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಊರು ಬಿಟ್ಟು ಬಂದ ಹೊಸದರಲ್ಲಿ ನಾನಿದ್ದುದು ಕುರ್ಲಾದ ಚಾಳಿನ, ಅಂದರೆ ಒಂಟಿ ಕೋಣೆಗಳ ಸಾಲುಕಟ್ಟಡದ, ಒಂದು ಖೋಲಿಯಲ್ಲಿ. ಮೂಲೆಯಲ್ಲೊಂದು ಮೋರಿ, ಅದರ ಪಕ್ಕ ಒಂದು ಡ್ರಮ್, ಬೆಳಗಿನ ಜಾವ ನಲ್ಲಿ ಗುರುಗುಟ್ಟಿದ ಸದ್ದಿಗೆ ಇಡೀ ಚಾಳು ಎದ್ದು ಕೂರುತ್ತಿತ್ತು. ಕಡಲ ಕರೆಯವನಾದ ನನಗೆ, ಮನೆಯ ಹಿಂದೆ ಬಾವಿ ಇದ್ದು ಬೆಳೆದವನಿಗೆ, ನೀರನ್ನು ಅಳೆದು ಬಳಸಬೇಕೆಂಬುದೇ ಹೊಸದು. ಅದನ್ನು ಕಲಿಸಿದವರು ಚಾಳಿನ ಹಿಂದಿನ ಝೋಪಡಿಯಲ್ಲಿದ್ದ ವಿಜಯಪುರ ಜಿಲ್ಲೆಯ ಒಬ್ಬ ಅಕ್ಕ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ನಾಕಾದಲ್ಲಿ, ಕೂಲಿಗೆ ಕರೆಯುವವರಿಗಾಗಿ ಕಾಯುವ ರಸ್ತೆಯ ಮೂಲೆಯಲ್ಲಿ, ನಿಂತು, ಕರೆದವರ ಹಿಂದೆ ಗಾರೆ ಹೊರಲು ಹೋಗುತ್ತಿದ್ದರು. ಅವರ ಗಲ್ಲಿಯಲ್ಲಿ ನಲ್ಲಿಯಿರಲಿಲ್ಲ. ನಲ್ಲಿಯಿದ್ದವರಿಂದ ಡ್ರಮ್ಮಿಗೆ ಇಷ್ಟೆಂದು ದುಡ್ಡು ಕೊಟ್ಟು ನೀರು ಕೊಳ್ಳುತ್ತಿದ್ದರು. ಅವರು ಲೀಟರಿಗೆ ಕೊಡುತ್ತಿದ್ದ ಬೆಲೆ, ಈಜುಕೊಳವಿರುವ ಕಟ್ಟಡದವರು ಪಾಲಿಕೆಗೆ ಕೊಡುತ್ತಿದ್ದ ಬೆಲೆಯ ಎಷ್ಟೋ ಪಟ್ಟು ಹೆಚ್ಚು. "ತಮ್ಮಾ, ಅಕ್ಕಿ ತೊಳದ ನೀರಾಗ ಪಾತ್ರಿ ತೊಳಿ, ಪಾತ್ರಿ ತೊಳದ ನೀರಾಗ ನೆಲ ಒರಸು" ಎಂದು ಅಕ್ಕ ನನಗೆ ಹೇಳಿಕೊಟ್ಟಿದ್ದರು. ಹನ್ನೊಂದು ವರ್ಷದ ಅವರ ಮಗಳು ಶಾಲೆ ಬಿಟ್ಟದ್ದು ಕೊಡ ಹೊರುವುದಕ್ಕಾಗಿ. ನೀರಿನ ಕೊರತೆಯೆಂದು ನಾವು ಕರೆಯುವುದು ಅನೇಕ ಮನೆಗಳಲ್ಲಿ ಒಂದು ಹುಡುಗಿ ಕಳೆದುಕೊಂಡ ಓದಾಗಿರುತ್ತದೆ.

ಗಲ್ಲಿಗೆ ನಲ್ಲಿ ಬಾರದಿರಲು ಕೊಳವೆಯ ಕೊರತೆ ಕಾರಣವಾಗಿರಲಿಲ್ಲ. ನಿಗದಿತ ತಾರೀಖಿಗಿಂತ ಮೊದಲು ಅಲ್ಲಿ ವಾಸವಾಗಿದ್ದೆವೆಂಬ ಕಾಗದ ಅವರಲ್ಲಿರಲಿಲ್ಲ. ಇಂಥ ಸಾವಿರಾರು ಗಲ್ಲಿಗಳ ಪರವಾಗಿ ನೀರಿನ ಹಕ್ಕಿಗಾಗಿ ಹೋರಾಡುವ ಪಾನೀ ಹಕ್ ಸಮಿತಿ ಹೂಡಿದ ದಾವೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ಸ್ಪಷ್ಟವಾದ ಮಾತನ್ನು ಹೇಳಿತು. ನೀರಿನ ಹಕ್ಕು ಸಂವಿಧಾನದ 21ನೆಯ ವಿಧಿ ಕೊಟ್ಟಿರುವ ಬದುಕುವ ಹಕ್ಕಿನ ಭಾಗ. ಗುಡಿಸಲು ಅಕ್ರಮವೆಂಬ ಕಾರಣಕ್ಕೆ ಅದರಲ್ಲಿರುವ ಮನುಷ್ಯನಿಗೆ ನೀರು ನಿರಾಕರಿಸುವಂತಿಲ್ಲ. ಈ ತೀರ್ಪನ್ನು ನಾನು ನಮ್ಮ ಕಾಲದ ದೊಡ್ಡ ತೀರ್ಪುಗಳಲ್ಲಿ ಒಂದೆಂದು ಭಾವಿಸುತ್ತೇನೆ.

ಈಗ ಕೊಡದ ಹಿಂದಿನ ದಾರಿಯನ್ನು ನೋಡೋಣ. ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ತಾನ್ಸಾ, ಭಾತ್ಸಾಗಳಂಥ ದೊಡ್ಡ ಜಲಾಶಯಗಳಿವೆ. ಅದೇ ತಾಲ್ಲೂಕಿನ ಆದಿವಾಸಿ ಪಾಡಾಗಳಿಗೆ, ಅಂದರೆ ಅವರ ಪುಟ್ಟ ಹಾಡಿಗಳಿಗೆ, ಏಪ್ರಿಲ್, ಮೇ ತಿಂಗಳುಗಳಲ್ಲಿ ಟ್ಯಾಂಕರಿನಲ್ಲಿ ನೀರು ಹೋಗುತ್ತದೆ. ಅಣೆಕಟ್ಟಿಗೆ ನೆಲ ಬಿಟ್ಟುಕೊಟ್ಟವರ ಸೊಸೆಯಂದಿರು ಬತ್ತಿದ ಬಾವಿಯ ಸುತ್ತ ಟ್ಯಾಂಕರಿಗಾಗಿ ಕಾಯುತ್ತಿರುತ್ತಾರೆ. ನೂರು ಕಿಲೊಮೀಟರ್ ಆಚೆ ನಮ್ಮ ಕಟ್ಟಡದ ಕೆಳಗೆ ಅದೇ ನೀರಿನಲ್ಲಿ ಕಾರು ತೊಳೆಯುತ್ತಿರುತ್ತಾರೆ. ಹೊಸ ಅಣೆಕಟ್ಟು ಬೇಕೆಂದು ನಾವು ಕೇಳಿದಾಗಲೆಲ್ಲ ಇನ್ನಷ್ಟು ಕಾಡು, ಇನ್ನಷ್ಟು ಪಾಡಾಗಳು ಮುಳುಗಬೇಕಾಗುತ್ತದೆ.

ನಗರಕ್ಕೆ ತನ್ನದೇ ನೀರು ಇರಲಿಲ್ಲವೇ? ಇತ್ತು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕ್ ಎಂದು ಬಸ್ಸಿನ ಫಲಕಗಳಲ್ಲಿ ನಾವು ಓದುವ ಹೆಸರುಗಳೆಲ್ಲ ಕೆರೆಗಳವು. 1860ರಲ್ಲಿ ವಿಹಾರ ಜಲಾಶಯ ಸಿದ್ಧವಾಗಿ ಕೊಳವೆ ನೀರು ಬಂದ ಮೇಲೆ ಕೆರೆಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ ಎದ್ದ ಕಥೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಿಗಾಗಿಯೇ ಕಟ್ಟಿದ ಪೊವಾಯಿ ಕೆರೆಯ ನೀರು ಇಂದು ಕುಡಿಯಲು ಯೋಗ್ಯವಿಲ್ಲ.

ಆ ವಿಜಯಪುರದ ಅಕ್ಕ ಮುಂಬಯಿಗೆ ಬಂದದ್ದಾದರೂ ಏಕೆ? ಹೊಲವಿತ್ತು, ಬಾವಿಯಿತ್ತು, ಬಾವಿ ಬತ್ತಿತು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲವನ್ನು ಮೇಲೆತ್ತುವ ದೇಶ ನಮ್ಮದು. ಅಮೆರಿಕ ಮತ್ತು ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ನಾವೊಬ್ಬರೇ ಎತ್ತುವುದು ಹೆಚ್ಚು, ಅದರಲ್ಲಿ ಬಹುಪಾಲು ಹೋಗುವುದು ಬೆಳೆಗೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಕಬ್ಬು ಬೆಳೆದೆವು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಕುಡಿಯುವ ನೀರನ್ನು ಮೀರಜಿನಿಂದ ರೈಲಿನಲ್ಲಿ ಒಯ್ಯಬೇಕಾಯಿತು. ಕಬ್ಬಿನ ಗದ್ದೆಗಳ ನಡುವಿನ ಪಟ್ಟಣಕ್ಕೆ ರೈಲಿನಲ್ಲಿ ನೀರು! ಒಣಗಿದ ಹೊಲದವರು ಎಲ್ಲಿಗೆ ಹೋಗಬೇಕು? ಮುಂಬಯಿಗೆ, ಪುಣೆಗೆ, ಗೋವೆಗೆ ಬಂದು ನಾಕಾದಲ್ಲಿ ನಿಲ್ಲುತ್ತಾರೆ. ಹಳ್ಳಿಯ ನೀರು ಹಾಳಾದದ್ದಕ್ಕೂ ನಗರದ ಗಲ್ಲಿ ತುಂಬಿದ್ದಕ್ಕೂ ಇರುವ ನಂಟನ್ನು ಕಾಣದೆ "ಜನ ಹೆಚ್ಚಾದರು" ಎಂದು ಹೇಳಿಬಿಟ್ಟರೆ, ಬಾಯಾರಿ ಬಂದವರನ್ನೇ ಬಾಯಾರಿಕೆಗೆ ಹೊಣೆ ಮಾಡಿದಂತಾಗುತ್ತದೆ.

ಇನ್ನು ಕೊಡದ ಮುಂದಿನ ದಾರಿ. ಬಳಸಿದ ನೀರು ಮೋರಿಯಿಂದ ಗಟಾರಕ್ಕೆ, ಗಟಾರದಿಂದ ನಾಲಾಕ್ಕೆ, ಎಷ್ಟೋ ಕಡೆ ನಾಲಾದಿಂದ ನೇರವಾಗಿ ಮಿಠೀ ನದಿಗೆ ಸೇರುತ್ತದೆ. ವಿಹಾರ ಮತ್ತು ಪೊವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ, ಸುಮಾರು ಹದಿನೆಂಟು ಕಿಲೊಮೀಟರ್ ಹರಿದು, ಮಾಹಿಮಿನಲ್ಲಿ ಕಡಲು ಸೇರುವ ನದಿ ಇದು. ಇದನ್ನು ನಾಲಾ ಎಂದೇ ತಿಳಿದವರು ನಮ್ಮಲ್ಲಿ ಬಹಳ ಮಂದಿ. ವಿಮಾನ ನಿಲ್ದಾಣಕ್ಕಾಗಿ ಅದರ ದಾರಿಯನ್ನು ಬಾಗಿಸಿದೆವು, ಅದು ಹರಡಿಕೊಳ್ಳುತ್ತಿದ್ದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜೌಗುನೆಲವನ್ನು ತುಂಬಿಸಿ ಬಾಂದ್ರಾ-ಕುರ್ಲಾ ಸಂಕುಲದ ಗಾಜಿನ ಕಟ್ಟಡಗಳನ್ನು ಎಬ್ಬಿಸಿದೆವು, ಉಳಿದ ದಡದಲ್ಲಿ ಬೇರೆಲ್ಲೂ ಜಾಗ ಸಿಗದ ಬಡವರು ಗುಡಿಸಲು ಹಾಕಿದರು.

2005ರ ಜುಲೈ 26ರಂದು ನದಿ ತನ್ನ ಜಾಗವನ್ನು ಕೇಳಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕೊಲಾಬಾದಲ್ಲಿ ಅದರ ಹತ್ತನೆಯ ಒಂದು ಭಾಗವೂ ಬೀಳಲಿಲ್ಲ. ಆಂಗ್ಲರ ಕಾಲದಲ್ಲಿ ಗಂಟೆಗೆ 25 ಮಿಲಿಮೀಟರ್ ಮಳೆಗೆಂದು, ಅದೂ ಕಡಲು ಇಳಿತದಲ್ಲಿರುವಾಗ ಮಾತ್ರ ನೀರು ಹರಿದುಹೋಗುವಂತೆ ಕಟ್ಟಿದ ಚರಂಡಿಗಳು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಡಲು ಉಬ್ಬರದಲ್ಲಿತ್ತು. ಹೋಗಬೇಕಾದ ನೀರು ತಿರುಗಿ ಬಂತು. ನಾನು ಅಂದು ಕೆಲಸದ ಸ್ಥಳದಿಂದ ಮನೆಯ ಕಡೆಗೆ ಎದೆಮಟ್ಟದ ನೀರಿನಲ್ಲಿ, ಗುರುತಿಲ್ಲದವರ ಕೈ ಹಿಡಿದು, ರಾತ್ರಿಯೆಲ್ಲ ನಡೆದೆ. ಆ ನೀರಿನ ಬಣ್ಣ ಮತ್ತು ವಾಸನೆಯನ್ನು ಇಂದಿಗೂ ಮರೆತಿಲ್ಲ. ಅದು ಮಳೆನೀರಾಗಿರಲಿಲ್ಲ, ನಾವು ವರ್ಷಗಟ್ಟಲೆ ಕಣ್ಣಿಗೆ ಕಾಣದಂತೆ ಕಳುಹಿಸಿದ್ದೆಲ್ಲವೂ ಹಿಂದಿರುಗಿ ಬಂದಿತ್ತು. ಬೆಳಗಾಗುವ ಹೊತ್ತಿಗೆ ಚಾಳಿನ ಹಿಂದಿನ ಗಲ್ಲಿಯಲ್ಲಿ ಗೋಡೆಗಳಷ್ಟೇ ಉಳಿದಿದ್ದವು. ಅಕ್ಕನ ಮನೆಯವರು ಚಾಳಿನ ಮೇಲ್ಮಹಡಿ ಹತ್ತಿ ಜೀವ ಉಳಿಸಿಕೊಂಡಿದ್ದರು. ಅವರ ಡ್ರಮ್ಮು ತೇಲಿಹೋಗಿತ್ತು. ಸುತ್ತಲೂ ಸೊಂಟದೆತ್ತರ ನೀರು, ಕುಡಿಯಲು ಒಂದು ಲೋಟವೂ ಇಲ್ಲ. ಮುಂದಿನ ವಾರಗಳಲ್ಲಿ ಇಲಿಜ್ವರ ಹರಡಿ ಆಸ್ಪತ್ರೆಗಳು ತುಂಬಿದವು.

ಆ ಕೊಳಕಿನೊಳಗೆ ಇಳಿಯುವವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೈಯಿಂದ ಮಲ ಬಾಚಿಸುವುದನ್ನೂ ರಕ್ಷಣೆಯಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಬೇಕಾಗಿ ಬಂತೆಂದರೆ, ಸಾವುಗಳು ನಿಂತಿಲ್ಲವೆಂದೇ ಅರ್ಥ. ಸಾಯುವವರ ಜಾತಿ ಯಾವುದೆಂದು ಎಲ್ಲರಿಗೂ ಗೊತ್ತು.

2005ರ ನಂತರ ಕೆಲಸಗಳು ನಡೆದಿಲ್ಲವೆಂದಲ್ಲ. ಆ ಪ್ರವಾಹದ ಕಾರಣಗಳನ್ನು ಪರಿಶೀಲಿಸಲು ನೇಮಿಸಿದ ಮಾಧವ ಚಿತಳೆಯವರ ಸಮಿತಿ ವರದಿ ಕೊಟ್ಟಿತು, ಹಾಜಿ ಅಲಿ, ಇರ್ಲಾ ಮೊದಲಾದೆಡೆ ಮಳೆನೀರನ್ನು ಕಡಲಿಗೆ ಎತ್ತಿಹಾಕುವ ಕೇಂದ್ರಗಳು ಬಂದವು, ಕಾಂಡ್ಲಾ ಕಾಡನ್ನು ಕಡಿಯದಂತೆ ನ್ಯಾಯಾಲಯ ತಡೆಯಿತು, ಏಳು ಕಡೆ ಹೊಸ ಕೊಳಚೆ ನೀರಿನ ಶುದ್ಧೀಕರಣ ಘಟಕಗಳ ಕೆಲಸ ಶುರುವಾಯಿತು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಕೊನೆಯದು. ಕೊಳಚೆಯನ್ನು ತೊಳೆದು ತೋಟಕ್ಕೆ, ಕಾರ್ಖಾನೆಗೆ, ಶೌಚಕ್ಕೆ ಬಳಸುವಂತಾದರೆ ಶಹಾಪುರದ ನೀರನ್ನು ಅಷ್ಟರಮಟ್ಟಿಗೆ ಶಹಾಪುರದಲ್ಲೇ ಬಿಡಬಹುದು. ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾದದ್ದು 2002ರಲ್ಲಿ. ನಿಮ್ಮ ಕಟ್ಟಡದ ಮಳೆನೀರಿನ ಗುಂಡಿ ಎಲ್ಲಿದೆ, ಅದರೊಳಗೆ ನೀರು ಇಳಿಯುತ್ತದೆಯೇ ಎಂದು ಈ ವಾರ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ ನೋಡಿ.

ನಮ್ಮ ಕನ್ನಡ ಸಂಘಗಳಲ್ಲಿಯೂ ಒಂದು ವಿನಂತಿ. ಒಂದು ಕಾಲದಲ್ಲಿ ರಾತ್ರಿಶಾಲೆಗಳನ್ನು ನಡೆಸಿ ಹೋಟೆಲ್ ಮಾಣಿಗಳಿಗೆ ಅಕ್ಷರ ಕಲಿಸಿದ ಸಂಘಗಳು ನಮ್ಮವು. ಇಂದು ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಬಂದು ನಾಕಾದಲ್ಲಿ ನಿಲ್ಲುವವರಿಗೆ ನಲ್ಲಿಯ ಅರ್ಜಿ ತುಂಬಲು ಬರುವುದಿಲ್ಲ. ಅರ್ಜಿ ಮರಾಠಿಯಲ್ಲಿದೆ, ಕೇಳುವ ಕಾಗದಗಳು ಹಲವು. ಆ ಅರ್ಜಿ ತುಂಬಿಕೊಡಲು ಸಂಘಗಳು ಮುಂದೆ ಬರಲಿ ಎಂಬುದೇ ನನ್ನ ವಿನಂತಿ. ನಮ್ಮ ಪಕ್ಕದ ಗಲ್ಲಿಯ ಅರ್ಜಿಯನ್ನು ನಾವು ನಾಲ್ಕು ಮಂದಿ ನಿವೃತ್ತ ಗುಮಾಸ್ತರು ಕೂತು ತುಂಬಿದೆವು. ವಾರ್ಡ್ ಕಚೇರಿಗೆ ಅಲೆದು ಅಲೆದು ಕೊನೆಗೆ ಐದು ಮನೆಗಳಿಗೆ ಸೇರಿ ಒಂದು ನಲ್ಲಿ ಬಂತು. ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ ನೀರು ಬರುತ್ತದೆ. ಆ ಅಕ್ಕನ ಮೊಮ್ಮಗಳು ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಏಳು ಗಂಟೆಯ ಶಾಲೆಗೆ ಹೋಗುವ ಮೊದಲು ಕೊಡಗಳನ್ನು ತುಂಬಿಡುವುದು ಅವಳ ಕೆಲಸವೇ. ಆದರೆ ಈಗ ನಲ್ಲಿ ಮನೆಯ ಬಾಗಿಲಲ್ಲಿದೆ, ಶಾಲೆಗೆ ಅವಳು ಹೋಗುತ್ತಾಳೆ.

ಕೇಳಿದ ನಿಮಗೆಲ್ಲ ನಮಸ್ಕಾರ.