ಬ್ರೇಕ್ ಡಿಸ್ಕ್ ಸೀಳೋದು ಕಾಯ್ದಾಗಲ್ಲ, ಆರುವಾಗ!

[ಟೇಬಲ್ ಮ್ಯಾಲ ಬಿಚ್ಚಿಟ್ಟ ಮುಂದಿನ ಡಿಸ್ಕ್, ಕ್ಯಾಮೆರಾ ಹತ್ರ]

ನಮಸ್ಕಾರ್ರಿ ಎಲ್ಲಾರಿಗಿ, ಕಲಬುರಗಿಯಿಂದ. ಈ ಬ್ರೇಕ್ ಡಿಸ್ಕ್ ನೋಡ್ರಿ, ಗಾಲಿ ಜೋಡಿ ತಿರುಗೋ ಕಬ್ಬಿಣದ ತಟ್ಟಿ; ಬ್ರೇಕ್ ತುಳಿದ್ರ ಪ್ಯಾಡ್ ಇದನ್ನ ಎರಡೂ ಕಡಿಯಿಂದ ಹಿಡಿದು ತಿಕ್ತಾವ. ಚೆನ್ನೈ ಹತ್ರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನ್ಯಾಗ ಓಡಿ ಬಂದ ಕಾರಿಂದು. ಮೈ ಮ್ಯಾಲ ಕೊರೆದ ತೂತಿಂದ ಹೊಂಟು ಹೊರಗಿನ ಅಂಚಿನ ಕಡೀಗಿ ಹೋಗ್ಯಾವಲ್ಲ ಕೂದಲೆಳಿಯಂಥ ಗೆರಿ, ಅವು ಗೀರಲ್ರಿ, ಬಿರುಕು.

ನಮ್ಮ ಕಡಿ ಇಂಥದ್ದು ಕಂಡ್ರ ಮೊದಲು ಬೈಯೋದು ಬಿಸಿಲಿಗಿ. ಮೇ ತಿಂಗಳ ಬಿಸಿಲು 43, 44 ಡಿಗ್ರಿ ಖರೇ. ಆದ್ರ ಟ್ರ್ಯಾಕಿನ್ಯಾಗ ಡಿಸ್ಕ್ ಮೈ 600 ಡಿಗ್ರಿ ತನಕ ಹೋಗ್ತದ. ಅದರ ಮುಂದ ನಮ್ಮ ಬಿಸಿಲು ಲೆಕ್ಕಕ್ಕಿಲ್ಲ.

ಲೆಕ್ಕ ಹಾಕೂಣು. 1400 ಕಿಲೋ ಕಾರು, 180ರ ಸ್ಪೀಡಿನ್ಯಾಗದ. ತಿರುವು ಬಂತು, 80ಕ್ಕ ಇಳಿಸ್ಬೇಕು. ಸುಮಾರು 14 ಲಕ್ಷ ಜೂಲ್ ಶಕ್ತಿ ಶಾಖ ಆಗ್ತದ. ಅದ್ರಾಗ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗಿ. ಒಂದೊಂದು 10 ಕಿಲೋ ಅಂತ ಹಿಡೀರಿ: ಒಂದೇ ಸಲ ತುಳಿದ್ರ ಹತ್ತಿರ ಹತ್ತಿರ 100 ಡಿಗ್ರಿ ಏರ್ತದ. ಹುಮನಾಬಾದ್ ರೋಡಿನ್ಯಾಗ 80ರಾಗ ಬಂದು ರೋಡಿನ ಹಂಪ್ ಮುಂದ ನಿಲ್ಲಿಸಿದ್ರ ಇದರ ಕಾಲು ಭಾಗ ಶಕ್ತಿ ಅಷ್ಟೇ, ಆಮ್ಯಾಲ ಆರಲಾಕ ಬೇಕಾದಷ್ಟು ಹೊತ್ತು ಸಿಗ್ತದ. ಟ್ರ್ಯಾಕಿನ್ಯಾಗ ಹಂಗಿಲ್ಲ, ಆರೋದ್ರೊಳಗ ಮುಂದಿನ ತಿರುವು ಬಂದಿರ್ತದ.

[ಡಿಸ್ಕಿನ ಅಂಚು, ಒಳಗಿನ ಗಾಳಿ ಸಂದು ತೋರಿಸಿ]

ಈಗ ಅಸಲಿ ಮಾತು. ಡಿಸ್ಕ್ ಮಾಡೋದು ಬೀಡು ಕಬ್ಬಿಣದಿಂದ. ಅದರೊಳಗಿನ ಗ್ರಾಫೈಟ್ ಪದರ ಶಾಖ ಬೇಗ ಒಯ್ತಾವ, ಅದಕ್ಕೇ ಬೀಡನ್ನೇ ಬಳಸ್ತಾರ. ಆದ್ರ ಬೀಡು ಒತ್ತಿದ್ರ ತಡೀತದ, ಎಳೆದ್ರ ತಡ್ಯಂಗಿಲ್ಲ.

ಬ್ರೇಕ್ ತುಳಿದ ಕೂಡ್ಲೆ ಪ್ಯಾಡ್ ತಿಕ್ಕೋ ಮೈ ಕಾಯ್ದು ಹಿಗ್ಗಲಾಕ ನೋಡ್ತದ. ಒಳಗಿನ ಕಬ್ಬಿಣ ಇನ್ನಾ ತಣ್ಣಗದ, ಅದು ಬಿಡಂಗಿಲ್ಲ. ಹಿಗ್ಗಲಾಕ ಜಾಗ ಇಲ್ದೆ ಮ್ಯಾಲಿನ ಪದರ ಒತ್ತಡಕ್ಕ ಮಣಿದು ಕಾಯಂ ಕುಗ್ಗಿಬಿಡ್ತದ. ಆಮ್ಯಾಲ ಟ್ರ್ಯಾಕಿನ ನೇರ ದಾರಿ ಬಂತು, ಗಾಳಿ ಬಡೀತು, ಮೈ ಆರ್ತು. ಈಗ ಆ ಪದರ ಮೊದಲಿಗಿಂತ ಗಿಡ್ಡ ಆಗ್ಯಾದ, ಒಳಗಿನ ಕಬ್ಬಿಣ ಅದನ್ನ ಎಲ್ಲಾ ಕಡಿಯಿಂದ ಎಳೀತದ. ಬಿರುಕು ಹುಟ್ಟೋದು ಇಲ್ಲೇ ನೋಡ್ರಿ. ಪ್ರತಿ ಲ್ಯಾಪಿನ್ಯಾಗ, ಅಂದ್ರ ಟ್ರ್ಯಾಕಿನ ಪ್ರತಿ ಸುತ್ತಿನ್ಯಾಗ, ಪ್ರತಿ ತಿರುವಿಗಿ, ಇದೇ ಹಿಂಡೋದು, ಎಳೆಯೋದು. ಹಿಂಗ ಸೋತು ಸೀಳೋದಕ್ಕ ಥರ್ಮಲ್ ಫಟೀಗ್ ಅಂತಾರ.

ತೂತಿನ ಡಿಸ್ಕ್ ಅಲಾಯ್ ವೀಲಿನೊಳಗ ಚಂದ ಕಾಣಸ್ತದ, ಒಪ್ತೀನಿ. ಆದ್ರ ಎಳೆತ ಪೂರಾ ತೂತಿನ ಅಂಚಿನ್ಯಾಗ ಬಂದು ಕೂಡ್ತದ, ಶಾಖ ಹಿಡಿಯೋ ಕಬ್ಬಿಣಾನೂ ಅಷ್ಟು ಕಮ್ಮಿ. ಟ್ರ್ಯಾಕಿಗಿ ಹೋಗೋರು ನನ್ನ ಕೇಳಿದ್ರ ಸಾದಾ ಡಿಸ್ಕ್, ಇಲ್ಲಾ ಗೆರಿ ಕೊರೆದ ಸ್ಲಾಟೆಡ್ ಡಿಸ್ಕ್ ಹಾಕ್ರಿ ಅಂತೀನಿ. ರೊಕ್ಕ ಇದ್ರ ಅಲ್ಯೂಮಿನಿಯಂ ನಡುಭಾಗದ ಎರಡು ತುಂಡಿನ ಡಿಸ್ಕ್ ಇನ್ನಾ ಚಲೋ, ಕಾಯ್ದ ರಿಂಗಿಗಿ ಹಿಗ್ಗಲಾಕ ಜಾಗ ಸಿಗ್ತದ.

ಬ್ರೇಕ್ ಆಯಿಲ್ ಬ್ಯಾರೆ ವಿಷಯ, ಅದಕ್ಕ ಬ್ಯಾರೆ ವಿಡಿಯೋ ಮಾಡ್ತೀನಿ. ಹಳೇದಿದ್ರ ಮಾತ್ರ ಟ್ರ್ಯಾಕಿಗಿ ಹೋಗೋ ಮೊದಲೇ ಬದಲ್ಸ್ರಿ. ನೀರು ಹೀರಿದ ಡಾಟ್ 4 ದರ್ಜೆ ಬ್ರೇಕ್ ಆಯಿಲ್ 155 ಡಿಗ್ರಿಗೇ ಕುದಿಬಹುದು.

ಆರಿಸೋದು ಹೆಂಗ? ಕಡೀ ಲ್ಯಾಪ್ ಮೆಲ್ಲಕ ಹೊಡೀರಿ, ಬ್ರೇಕ್ ಆದಷ್ಟು ಕಮ್ಮಿ ಮುಟ್ರಿ. ಓಡೋ ಗಾಳಿ ಡಿಸ್ಕಿನ ಗಾಳಿ ಸಂದಿನೊಳಗ ಹಾದು ಒಳಗೂ ಹೊರಗೂ ಒಂದೇ ಸಮ ಆರಿಸ್ತದ. ಪಿಟ್ಟಿಗಿ (ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸೋ ಜಾಗಕ್ಕ) ಬಂದು ಪೆಡಲ್ ಮ್ಯಾಲ ಕಾಲಿಟ್ಟು ಕೂಡಬ್ಯಾಡ್ರಿ, ಹ್ಯಾಂಡ್‌ಬ್ರೇಕ್ ಎಳೀಬ್ಯಾಡ್ರಿ. ಪ್ಯಾಡ್ ಕಚ್ಚಿಕೊಂಡ ಜಾಗದಾಗ ಅದರ ಮಸಾಲಿ ಅಂಟ್ತದ, ಮುಂದ ಅಲ್ಲೇ ಹೆಚ್ಚು ಕಾಯ್ತದ. ಗೇರಿನ್ಯಾಗ ಬಿಟ್ಟು ಗಾಲಿಗಿ ಕಲ್ಲು ಕೊಡ್ರಿ. ಕಾಯ್ದ ಡಿಸ್ಕಿಗಿ ನೀರು ಹೊಡಿಯೋದಂತೂ ಬ್ಯಾಡೇ ಬ್ಯಾಡ.

[ಉಗುರು ಡಿಸ್ಕ್ ಮ್ಯಾಲ ಎಳೆಯೋದು]

ಭಾಳ ಮಂದಿ ಅದೇ ಕಾರು ಹೊಡ್ಕೊಂಡು ಊರಿಗಿ ಬರ್ತಾರ. ಹೊರಡೋ ಮುಂಚೆ ಡಿಸ್ಕ್ ಪೂರಾ ಆರಿದ ಮ್ಯಾಲ ಟಾರ್ಚ್ ಹಿಡಿದು ಎರಡೂ ಮೈ ನೋಡ್ರಿ. ಮೈ ಮ್ಯಾಲ ಸಣ್ಣ ಗೆರಿ ಎದ್ದು ಉಗುರಿಗಿ ಸಿಗಲಿಲ್ಲ ಅಂದ್ರ ಸದ್ಯಕ್ಕ ನಡೀತದ, ಕಣ್ಣಿಟ್ಟಿರ್ರಿ. ಉಗುರು ಸಿಕ್ಕಿಬಿತ್ತು, ಇಲ್ಲಾ ಗೆರಿ ಅಂಚು ಮುಟ್ಟ್ಯದ, ಇಲ್ಲಾ ಒಂದು ತೂತಿಂದ ಇನ್ನೊಂದಕ್ಕ ಕೂಡ್ಯದ ಅಂದ್ರ ಆ ಕಾರು ರೋಡಿಗಿ ಇಳಿಸಬ್ಯಾಡ್ರಿ. ಡಿಸ್ಕ್ ಅಲ್ಲೇ ಬದಲ್ಸ್ರಿ, ಎಡ ಬಲ ಎರಡೂ, ಹೊಸ ಪ್ಯಾಡ್ ಸಮೇತ.