ಹೊಟ್ಟೆ ಸಮೇತ ತಿನ್ನುವ ಮೀನು, ಚಿಪ್ಪು ಮತ್ತು ಪ್ಲಾಸ್ಟಿಕ್

ಎಲ್ಲರಿಗೂ ನಮಸ್ಕಾರ. ಮೀನಲ್ಲಿ ಪ್ಲಾಸ್ಟಿಕ್ ಇದೆಯಂತೆ, ಇನ್ನು ತಿನ್ನಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ: ಅದನ್ನು ಹೊಟ್ಟೆ ಸಮೇತ ತಿನ್ನುತ್ತೀರಾ, ಇಲ್ಲಾ ಹೊಟ್ಟೆ ತೆಗೆದಾ?

5 ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತೇವೆ. ಬಟ್ಟೆ ಒಗೆದಾಗ ಪಾಲಿಯೆಸ್ಟರ್ ಎಳೆ ಉದುರುತ್ತದೆ, ರಸ್ತೆಯಲ್ಲಿ ಟೈರ್ ಸವೆಯುತ್ತದೆ, ಹಳೆಯ ನೈಲಾನ್ ಬಲೆ ಬಿಸಿಲಿಗೆ ಪುಡಿಯಾಗುತ್ತದೆ. ಇದರಲ್ಲಿ ಒಂದು ಪಾಲು ಸಮುದ್ರ ಸೇರಿ ಮೀನಿನ ಬಾಯಿಗೆ ಹೋಗುತ್ತದೆ.

ನುಂಗಿದ ಚೂರು ಹೆಚ್ಚಾಗಿ ಇರೋದು ಕರುಳಲ್ಲಿ. ತೀರಾ ಸಣ್ಣ ಕಣಗಳು ಮಾಂಸದಲ್ಲೂ ಸಿಕ್ಕಿವೆ ನಿಜ, ಆದರೆ ದೊಡ್ಡ ಮೀನನ್ನು ಸೀಳಿ ಕರುಳು ತೆಗೆದು ತೊಳೆದರೆ ಬಹುಪಾಲು ಅಲ್ಲೇ ಹೋಯಿತು. ಸಿಗಡಿಯ ಬೆನ್ನು ಸೀಳಿದಾಗ ಕಪ್ಪು ದಾರದ ಹಾಗೆ ಒಂದು ಎಳೆ ಬರುತ್ತದಲ್ಲ, ಅದು ನರ ಅಲ್ಲ, ಕರುಳು. ದಯವಿಟ್ಟು ಅದನ್ನು ತೆಗೆಯಿರಿ.

ಪಚ್ಚಿಲೆ, ಸಿಂಪಿ ಹಾಗಲ್ಲ. ಚಿಪ್ಪು ಬಿಡಿಸಿದರೆ ಒಳಗಿರೋದು ಪೂರ್ತಿ ಬಾಯಿಗೇ. ಇಡಿಯಾಗಿ ತಿನ್ನುವ ಸಣ್ಣ ಮೀನಿನ ಕಥೆಯೂ ಅದೇ. ಅದರ ಮೇಲೆ ಈ ಚಿಪ್ಪಿನ ಜೀವಿಗಳು ನೀರು ಸೋಸಿಯೇ ಹೊಟ್ಟೆ ಹೊರೆಯುತ್ತವೆ. ಒಂದು ದೊಡ್ಡ ಸಿಂಪಿ ದಿನಕ್ಕೆ 100 ಲೀಟರಿಗಿಂತ ಜಾಸ್ತಿ ಸೋಸಬಲ್ಲದು. ನೀರಲ್ಲಿ ಏನಿದೆಯೋ ಅದು ಅವುಗಳೊಳಗೂ ಹೋಗುತ್ತದೆ. ಶುದ್ಧ ನೀರಲ್ಲಿ ಕೆಲವು ದಿನ ಬಿಟ್ಟರೆ ಒಂದಷ್ಟನ್ನು ಹೊರಗೆ ಹಾಕುತ್ತವೆ, ಎಲ್ಲವನ್ನೂ ಅಲ್ಲ.

ಇನ್ನು ಲೆಕ್ಕ. ಚಿಪ್ಪು ಜಾಸ್ತಿ ತಿನ್ನುವ ಯುರೋಪಿನವರು ವರ್ಷಕ್ಕೆ 11,000 ಚೂರು ತಿನ್ನಬಹುದು ಅಂತ 2014ರಲ್ಲಿ ಬೆಲ್ಜಿಯಂ ಸಂಶೋಧಕರು ಅಂದಾಜು ಮಾಡಿದರು. ಸುದ್ದಿ ಎಲ್ಲಾ ಕಡೆ ಓಡಿತು. ಆದರೆ ಎಣಿಸೋದು ಹೇಗೆ, ಅದನ್ನು ನೋಡಿ. ಚಿಪ್ಪಿನ ಮಾಂಸವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಂಥ ದ್ರಾವಣದಲ್ಲಿ ಕರಗಿಸಿ, ಸೋಸಿ, ಉಳಿದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಒಂದು ನೀಲಿ ಎಳೆ ಕಂಡಿತು ಅಂತಿಟ್ಟುಕೊಳ್ಳಿ. ಅದು ಪಚ್ಚಿಲೆಯೊಳಗಿನದೋ, ನೋಡುತ್ತಿರುವವರ ಅಂಗಿಯದೋ? ಅದಕ್ಕೇ ಅಲ್ಲಿ ಹತ್ತಿಯ ಕೋಟು ಹಾಕುತ್ತಾರೆ, ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟು ಗಾಳಿಯಿಂದ ಬಿದ್ದದ್ದನ್ನು ಬೇರೆಯಾಗಿ ಎಣಿಸುತ್ತಾರೆ.

ಸ್ಕಾಟ್ಲೆಂಡಿನ ಸಂಶೋಧಕರು ಇದೇ ಕೆಲಸವನ್ನು ಮನೆಯ ಊಟದ ಮೇಜಿಗೂ ತಂದರು. 2018ರ ಅವರ ವರದಿ ಪ್ರಕಾರ ಬ್ರಿಟನ್ನಿನಲ್ಲಿ ಒಬ್ಬರು ಪಚ್ಚಿಲೆಯಿಂದ ವರ್ಷಕ್ಕೆ ಸುಮಾರು 123 ಚೂರು ತಿನ್ನಬಹುದು. ಊಟ ಮಾಡುವಾಗ ಮನೆಯ ಧೂಳಿನಿಂದ ತಟ್ಟೆಗೆ ಬೀಳುವ ಎಳೆಗಳೋ? ವರ್ಷಕ್ಕೆ ಕಡಿಮೆ ಅಂದರೂ 13,000ಕ್ಕಿಂತ ಜಾಸ್ತಿ!

ಮೀನು ಬಿಡಿ ಅಂತ ನಾನು ಹೇಳದೇ ಇರೋದು ಇದಕ್ಕೇ. ಪ್ರೋಟೀನು, ಒಮೆಗಾ-3 ಇರುವ ಒಳ್ಳೆಯ ಆಹಾರ ಅದು. ಹಾಗಂತ ಪ್ಲಾಸ್ಟಿಕ್ಕಿನಿಂದ ಏನೂ ಆಗಲ್ಲ ಅಂತಲೂ ಹೇಳಲ್ಲ. ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಂಟಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವು ಜಾಸ್ತಿ ಕಂಡಿತು ಅಂತ 2024ರಲ್ಲಿ ಇಟಲಿಯಿಂದ ಬಂದ ಅಧ್ಯಯನ ಹೇಳಿತು. ಪ್ಲಾಸ್ಟಿಕ್ಕೇ ಕಾರಣ ಅಂತ ಅದು ಸಾಬೀತು ಮಾಡಲಿಲ್ಲ. ಆದರೂ ನನಗೆ ಅದನ್ನು ಓದಿ ಭಯವಾಯಿತು, ಸುಳ್ಳು ಹೇಳಲ್ಲ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.